ಕೊಳಗ ಯಾರ ಕೈಯಲ್ಲಿದೆ?

ಕಣದಲ್ಲಿ ಭತ್ತ ಅಳೆಯುವವರು ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಕೆ ಮುಂದುವರಿಯುವುದು ಎರಡರಿಂದ. ಬಾಯಿಂದ ಮೊದಲು ಒಳ್ಳೆಯ ಮಾತು ಬರಲಿ ಎಂಬ ಹಿರಿಯರ ಆಸೆ ಅದು. ಆದರೆ ತಾನು ಬೆಳೆದ ಭತ್ತವನ್ನು ಗೇಣಿಯೆಂದು ಧಣಿಗೆ ಅಳೆದುಕೊಡುವ ಒಕ್ಕಲಿನ ಕಿವಿಗೆ ಆ ‘ಲಾಭ’ ಹೇಗೆ ಕೇಳಿಸಿರಬೇಕು? ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗದ ಹೊಟ್ಟೆ ಒಂದು ಹಿಡಿಯಷ್ಟು ದೊಡ್ಡದಿದ್ದರೂ ಖಂಡುಗ ತುಂಬುವಷ್ಟರಲ್ಲಿ ಇಪ್ಪತ್ತು ಹಿಡಿ ಭತ್ತ ಲೆಕ್ಕಕ್ಕೆ ಸಿಗದೆ ಹೊರಟುಹೋಗಿರುತ್ತಿತ್ತು. ಎಣಿಸಿದವನು ಸುಳ್ಳು ಹೇಳಿರುತ್ತಿರಲಿಲ್ಲ. ಸುಳ್ಳು ಕೊಳಗದ ಹೊಟ್ಟೆಯಲ್ಲೇ ಇರುತ್ತಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ಸತ್ಯಾಗ್ರಹದ ಬೇರು ಈ ಹೊಟ್ಟೆಯಲ್ಲಿತ್ತು. ಉಳುವವರು ಹೆಚ್ಚಾಗಿ ದೀವರ ಸಮುದಾಯದವರು. ಹೊಲವೂ ಕೊಳಗವೂ ಧಣಿಗಳದು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬಲದಿಂದ ಒಕ್ಕಲುಗಳು ದನಿ ಎತ್ತಿದರು. ಹೊಲದಿಂದ ಹೊರಗಿಟ್ಟಾಗ ನೇಗಿಲು ಹಿಡಿದು ಅದೇ ಹೊಲಕ್ಕಿಳಿದು ಪೊಲೀಸರ ಕೈಗೆ ಸಿಕ್ಕರು. ಸಮಾಜವಾದಿಗಳು ಜೊತೆಗೆ ಬಂದರು, ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಆಮೇಲೆ ಮಳೆಗಾಲ ಬಂತು, ಚಳವಳಿಯ ಕಾವೂ ಇಳಿಯಿತು.

ಇದು ಗೆದ್ದ ಹೋರಾಟವೋ ಸೋತ ಹೋರಾಟವೋ? ಈ ಪ್ರಶ್ನೆ ಕೇಳುವ ಹೊತ್ತಿಗೆ ನಾವೂ ಕೈಯಲ್ಲೊಂದು ಕೊಳಗ ಹಿಡಿದಿರುತ್ತೇವೆ.

ಚಳವಳಿಗಳನ್ನು ಅಳೆಯುವುದು ಇಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ವಿದ್ವಾಂಸರು 1900ರಿಂದ 2006ರವರೆಗೆ ಜಗತ್ತಿನಲ್ಲಿ ನಡೆದ 323 ಹೋರಾಟಗಳನ್ನು ಒಟ್ಟು ಹಾಕಿ ನೋಡಿದರು. ಅಹಿಂಸೆಯ ಹಾದಿ ಹಿಡಿದವುಗಳಲ್ಲಿ ಶೇ. 53ರಷ್ಟು ಗೆದ್ದಿದ್ದವು, ಆಯುಧ ಹಿಡಿದವುಗಳಲ್ಲಿ ಶೇ. 26ರಷ್ಟು. ಬಂದೂಕಿಲ್ಲದವರು ಮುಗ್ಧರು ಎಂದು ನಗುವವರ ಬಾಯಿ ಮುಚ್ಚಿಸಿದ ಲೆಕ್ಕ ಅದು. ಅದರ ಬೆಲೆ ಸಣ್ಣದಲ್ಲ. ಆದರೂ ಆ ಕೊಳಗದೊಳಗೆ ಒಮ್ಮೆ ಇಣುಕಿ ನೋಡಬೇಕು. ಅದರಲ್ಲಿ ಹಿಡಿಸಿದ್ದು ಮುಖ್ಯವಾಗಿ ಸರ್ಕಾರ ಉರುಳಿಸುವ, ಪರರ ಆಳ್ವಿಕೆ ಓಡಿಸುವ, ಬೇರೆ ದೇಶ ಕಟ್ಟಿಕೊಳ್ಳುವ ಹೋರಾಟಗಳು. ಗೆಲುವೆಂದರೆ ಹೋರಾಟ ಉತ್ತುಂಗ ಮುಟ್ಟಿದ ವರ್ಷದೊಳಗೆ ಗುರಿ ಕೈಗೂಡುವುದು. ಭತ್ತದ ಅಳತೆ ಸರಿಯಿರಲಿ ಎಂದು ಕೇಳಿದ ಮಲೆನಾಡಿನ ಒಂದು ಮೂಲೆ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ 1952ಕ್ಕೆ ಲೆಕ್ಕ ಮುಗಿಸಿ ‘ಸೋಲು’ ಎಂದು ಬರೆಯಬೇಕಾಗುತ್ತಿತ್ತು.

ಆದರೆ ಅದೇ 1952ರಲ್ಲಿ ಗೋಪಾಲಗೌಡರು ಸಾಗರದ ಸೀಮೆಯಿಂದ ಗೆದ್ದು ವಿಧಾನಸಭೆಗೆ ಹೋದರು. ಗೇಣಿಯ ಮಾತು ಕಣದಿಂದ ಸದನಕ್ಕೆ ಹತ್ತಿತು. 1972ರಲ್ಲಿ ಅವರು ತೀರಿಕೊಂಡರು. ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅಂದು ಡಿಕ್ಲರೇಷನ್ ಫಾರಂ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರನ ಬೆನ್ನ ಹಿಂದೆ ಕಾಗೋಡು ನಿಂತಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ನಿಂತಿತ್ತು ಎಂದು ಅಂಕಿಯಲ್ಲಿ ತೋರಿಸುವುದೂ ಅಷ್ಟೇ ಕಷ್ಟ. ಬೀಜಕ್ಕೂ ಬೆಳೆಗೂ ನಡುವೆ ಇಪ್ಪತ್ಮೂರು ವರ್ಷದ ಮಣ್ಣಿದೆ. ಆ ಮಣ್ಣಿನೊಳಗೆ ಏನು ನಡೆಯಿತೆಂದು ಹೇಳಲು ಯಾವ ಕೊಳಗಕ್ಕೂ ಬಾಯಿಲ್ಲ.

ಬೆಳೆಯ ಲೆಕ್ಕವೂ ಸಲೀಸಲ್ಲ. ಗೇಣಿ ಮಾಡುತ್ತಿದ್ದವರಿಗೆ ನೆಲ ಸಿಕ್ಕಿತು, ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರು ಕೂಲಿಗಳಾಗಿಯೇ ಉಳಿದರು. ನಡುವೆ ಅದೇ ಸೀಮೆಯಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು 1964ರ ಹೊತ್ತಿಗೆ ಊರೂರೇ ಮುಳುಗಿದವು. ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಮೆಟ್ಟಿಲು ಹತ್ತುತ್ತಿದ್ದಾರೆ. ಹೀಗಿರುವಾಗ ಗೆಲುವಿನ ಸಾಲಿನಲ್ಲಿ ಯಾರ ಹೆಸರು ಬರೆಯುವುದು, ಯಾವ ವರ್ಷ ಬರೆಯುವುದು?

ಅಳತೆಯೇ ಬೇಡವೆನ್ನೋಣವೇ? ಹಾಗೆಂದವರಿದ್ದಾರೆ. ವಿಶ್ವವಿದ್ಯಾಲಯದವರು ಹೋರಾಟದ ಬೆಂಕಿಯಲ್ಲಿ ತಮ್ಮ ಅನ್ನ ಬೇಯಿಸಿಕೊಳ್ಳುತ್ತಾರೆ, ಜೈಲಿಗೆ ಹೋದವರಿಗೆ ಕೇಸು ಉಳಿಯುತ್ತದೆ, ಬರೆದವರಿಗೆ ಪದವಿ ದಕ್ಕುತ್ತದೆ ಎಂಬ ಗೊಣಗು ಹಳೆಯದು, ಸುಳ್ಳೂ ಅಲ್ಲ. ಆದರೆ ಬರೆಯದೆ ಬಿಟ್ಟರೆ ಉಳಿಯುವುದೇನು? ಪೊಲೀಸ್ ಠಾಣೆಯ ಡೈರಿ, ಅಮಲ್ದಾರರ ವರದಿ, ಧಣಿಗಳ ದೂರು. ವಸಾಹತು ಕಾಲದ ರೈತ ದಂಗೆಗಳ ಬಗ್ಗೆ 1983ರಲ್ಲಿ ಬರೆದ ಇತಿಹಾಸಕಾರ ರಣಜಿತ್ ಗುಹಾ ಎದುರಿಸಿದ ಕಷ್ಟ ಇದೇ: ದಂಗೆ ಎದ್ದವರ ಮಾತನ್ನು ದಂಗೆ ಅಡಗಿಸಿದವರ ಕಾಗದಗಳಲ್ಲೇ ಹುಡುಕಬೇಕಿತ್ತು. ಆ ಕಾಗದಗಳ ಬೈಗುಳವನ್ನು ತಿರುಗಿಸಿ ಓದಿ ಅದರಾಚೆ ಒಂದು ಸಂಕಲ್ಪವಿತ್ತೆಂದು ಅವರು ತೋರಿಸಿದರು. ನಾವು ಅಳೆಯದಿದ್ದರೆ ಅಳತೆ ನಿಲ್ಲುವುದಿಲ್ಲ, ಧಣಿಯ ಕೊಳಗ ಒಂದೇ ಉಳಿಯುತ್ತದೆ.

ಕಣ್ಣಿಗೇ ಬೀಳದ ಹೋರಾಟಗಳೂ ಇವೆ. ವಿದ್ವಾಂಸ ಜೇಮ್ಸ್ ಸ್ಕಾಟ್ 1978ರಿಂದ 1980ರವರೆಗೆ ಮಲೇಷ್ಯಾದ ಕೆಡಾ ರಾಜ್ಯದ ಒಂದು ಭತ್ತದ ಹಳ್ಳಿಯಲ್ಲಿದ್ದರು. ಕೊಯ್ಲಿನ ಯಂತ್ರ ಬಂದು ಬಡವರ ಕೂಲಿ ಹೋಗುತ್ತಿದ್ದ ಕಾಲ. ಅಲ್ಲಿ ಸಭೆಯಿಲ್ಲ, ಬಾವುಟವಿಲ್ಲ. ಯಂತ್ರ ತರಿಸಿದವರ ಗದ್ದೆಯ ನಾಟಿಗೆ ಹೆಂಗಸರು ಇವತ್ತು ನಾಳೆ ಎಂದು ತಡಮಾಡುತ್ತಿದ್ದರು. ಕೆಲಸ ನಿಧಾನವಾಗುತ್ತಿತ್ತು, ಭತ್ತ ಅಷ್ಟಿಷ್ಟು ಕಾಣೆಯಾಗುತ್ತಿತ್ತು, ಸಾಹುಕಾರರ ಜಿಪುಣತನ ಬೆನ್ನ ಹಿಂದೆ ಕತೆಯಾಗುತ್ತಿತ್ತು. ದುರ್ಬಲರ ಆಯುಧಗಳೆಂದು ಸ್ಕಾಟ್ ಇವನ್ನು ಕರೆದರು. ನಮ್ಮ ಒಕ್ಕಲುಗಳಿಗೆ ಇದು ಹೊಸ ವಿದ್ಯೆಯಾಗಿ ಕಂಡಿರಲಾರದು. ಧಣಿಯ ಮುಂದೆ ತಲೆ ತಗ್ಗಿಸಿ ‘ಆಯ್ತು’ ಎಂದು ಮನೆಗೆ ಬಂದು ಬೇರೆಯೇ ಮಾಡಿದ ಅಜ್ಜಂದಿರು ಯಾವ ಊರಿನಲ್ಲಿರಲಿಲ್ಲ? ಇಲ್ಲಿ ನನಗೊಂದು ಅಳುಕೂ ಇದೆ. ಬಡವನ ಮೌನದಲ್ಲೆಲ್ಲ ಪ್ರತಿರೋಧವನ್ನೇ ಕಾಣುವ ವಿದ್ವಾಂಸ, ಬರೀ ದಣಿವಿನಿಂದ ಕುಳಿತವನನ್ನೂ ವೀರನಾಗಿಸಿಬಿಡಬಹುದು. ಅದೂ ದೊಡ್ಡ ಹೊಟ್ಟೆಯ ಕೊಳಗವೇ, ಪ್ರೀತಿಯಿಂದ ಹಿಡಿದಿದ್ದರೂ.

ಕಾಗೋಡಿನವರು ಏನು ಕೇಳಿದ್ದರು ಎಂಬಲ್ಲಿಗೇ ಮನಸ್ಸು ಮರಳುತ್ತದೆ. ಗೇಣಿಯನ್ನೇ ಕೊಡೆವು, ಕೊಳಗವನ್ನೇ ಒಡೆಯುತ್ತೇವೆ ಎಂದು ಅವರು ಹೊರಟದ್ದಲ್ಲ. ಅಳೆಯಿರಿ, ಆದರೆ ಕಾನೂನು ಒಪ್ಪಿದ ಕೊಳಗದಲ್ಲಿ ಅಳೆಯಿರಿ ಎಂದರು. ನೋಡುವುದಕ್ಕೆ ಸಣ್ಣ ಬೇಡಿಕೆ. ಧಣಿಗಳಿಗೆ ಅದರ ಗಾತ್ರ ಚೆನ್ನಾಗಿ ಗೊತ್ತಿತ್ತು. ಅಳೆದುಕೊಡುವವನು ಕೊಳಗದೊಳಗೆ ಕೈಹಾಕಿ ನೋಡುವ ಹಕ್ಕು ಕೇಳಿದ ದಿನ ಧಣಿತನದ ಅರ್ಧ ಕರಗಿರುತ್ತದೆ.

ಸಂಶೋಧನೆಗೂ ಇದೇ ಮಾತು ಸಲ್ಲುತ್ತದೆಂದು ನನ್ನ ಎಣಿಕೆ. ಜನರ ಬಗ್ಗೆ ಬರೆದದ್ದು ಆ ಜನರಿಗೆ ಓದಲು ಸಿಗಬೇಕು, ಓದಿ ‘ಇದು ಹಾಗಲ್ಲ’ ಎನ್ನಲು ಅವರಿಗೆ ಎಡೆಯಿರಬೇಕು. ವಿಮರ್ಶಕ ಜಿ. ರಾಜಶೇಖರ ಕಾಗೋಡು ಸತ್ಯಾಗ್ರಹದ ಮೇಲೆ ಕನ್ನಡದಲ್ಲೇ ಪುಸ್ತಕ ಬರೆದರು. ಆ ಮಣ್ಣಿನ ಮೊಮ್ಮಗಳೊಬ್ಬಳು ಅದನ್ನು ತೆರೆದು ತನ್ನ ಅಜ್ಜಿ ಹೇಳಿದ್ದರೊಡನೆ ಪಕ್ಕದಲ್ಲಿಟ್ಟು ನೋಡಬಹುದು. ದೂರದ ಗ್ರಂಥಾಲಯದಲ್ಲಿ, ಅವಳಿಗೆ ತಿಳಿಯದ ಭಾಷೆಯಲ್ಲಿ ಕುಳಿತ ನೂರು ಪ್ರಬಂಧಗಳಿಗೆ ಅಂಥ ಪರೀಕ್ಷೆಯೇ ಬರುವುದಿಲ್ಲ.

ಜಗಲಿಯ ಮೇಲೆ ಕುಳಿತು ರೆಕಾರ್ಡರ್ ಒತ್ತಿ ‘ಹೇಳಿ ಅಜ್ಜಿ’ ಎನ್ನುವವರು ಮುಂದೆಯೂ ಬರುತ್ತಾರೆ, ಬರಲಿ. ಅಜ್ಜಿಯ ಮೊದಲ ಮಾತು ಟೇಪಿಗೆ ಬಿದ್ದ ಗಳಿಗೆಯಲ್ಲಿ ಅಳತೆ ಶುರುವಾಯಿತು, ಮೊದಲ ಕೊಳಗ ತುಂಬಿತು. ಅದಕ್ಕೆ ‘ಲಾಭ’ ಎನ್ನುವ ಮುಂಚೆ ಯಾರ ಲಾಭವೆಂದು ತಡೆದು ಕೇಳಿಕೊಳ್ಳುವುದು ಕೊಳಗ ಹಿಡಿದವರ ಕೆಲಸ.