ಸ್ಥಾನ ಮತ್ತು ಸಂಪಾದನೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ತೆರಳಿದ ಭಾರತ ತಂಡದಲ್ಲಿ ಅತ್ಯಂತ ಕಿರಿಯಳು ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು, ವಯಸ್ಸು 14. 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯ ಹೀಟ್ಸ್‌ನಲ್ಲಿ ತನ್ನ ಗುಂಪಿಗೆ ಆಕೆಯೇ ಮೊದಲಿಗಳು. ಎಲ್ಲ ಗುಂಪುಗಳನ್ನೂ ಸೇರಿಸಿದಾಗ 23ನೆಯವಳು. ಸೆಮಿಫೈನಲ್‌ಗೆ ಅವಕಾಶವಿದ್ದುದು 16 ಮಂದಿಗೆ. ತೆಗೆದುಕೊಂಡ ಕಾಲ 2 ನಿಮಿಷ 6.96 ಸೆಕೆಂಡು. ಅದೇ ಕಾಲ ಒಂದು ಲೆಕ್ಕದಲ್ಲಿ ಗೆಲುವು, ಮತ್ತೊಂದರಲ್ಲಿ ಸೋಲು!

ಹಾಗಾದರೆ ಆಕೆಯ ನಿಜವಾದ ಸಂಪಾದನೆ ಯಾವುದು? ವ್ಯಾಪಾರಿಯಾದ ನನಗೆ ಈ ಪ್ರಶ್ನೆ ಸಹಜ. ಸ್ಥಾನವು ಪರರ ವೇಗವನ್ನು ಅವಲಂಬಿಸಿದ್ದು. ಸಾಲದ ಬಂಡವಾಳದಂತೆ ಯಾವಾಗ ಬೇಕಾದರೂ ಕೈಬಿಟ್ಟೀತು. ದಿನದಿನದ ಅಭ್ಯಾಸದಿಂದ ಬಂದ ಸಂಯಮ ಮಾತ್ರ ಸ್ವಾರ್ಜಿತ.

ಸ್ಥಾನದ ಆಸೆಯಿಲ್ಲದೆ ಯಾರು ತಾನೆ ಈಜುತ್ತಾರೆ ಎಂದು ಕೇಳಬಹುದು. ನಿಜ, ಮಕ್ಕಳು ಎತ್ತರದ ಗುರಿಯನ್ನು ಬಯಸುವುದು ದೋಷವಲ್ಲ. ಹಿರಿಯರಾದ ನಾವು ಆ ಗುರಿಯನ್ನು ನಮ್ಮ ಪ್ರತಿಷ್ಠೆಗಾಗಿ ವಶಪಡಿಸಿಕೊಳ್ಳುವುದೇ ದೋಷ. ಪದಕ ಬಾರದ ದಿನವೂ ಮನೆಯಲ್ಲಿ ಅದೇ ಅಕ್ಕರೆ, ಅದೇ ಊಟ ಕಾದಿರುತ್ತದೆಂದು ಬಲ್ಲ ಮಗು ನಿರ್ಭಯವಾಗಿ ನೀರಿಗಿಳಿಯುತ್ತದೆ. ಆ ಭರವಸೆಯನ್ನು ಕಸಿದುಕೊಂಡು ಗಳಿಸಿದ ಪದಕ, ಎಷ್ಟೇ ಹೊಳೆದರೂ, ನಷ್ಟದ ಬಾಬತ್ತೇ ಸರಿ.