ಮಾಡಿದಷ್ಟು ಬೆಲೆ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಂದಿಗೆ ಚಳ್ಳಕೆರೆ ಸೀಮೆಯಲ್ಲಿ ಒಂದು ಮಾತು ತಲೆಮಾರುಗಳಿಂದ ನಡೆದುಬಂದಿದೆ: ‘ಮಾಡಿದಷ್ಟು ನೀಡು ಭಿಕ್ಷೆ.’ ಇದರ ಹಿಂದಿರುವ ಐತಿಹ್ಯ ಕೆರೆಯದು. ಮಳೆ ಕೈಕೊಡುವುದೇ ರೂಢಿಯಾದ ಈ ಬಯಲಿನಲ್ಲಿ ಸ್ವಾಮಿಗಳು ಊರ ಸುತ್ತ ಐದು ಕೆರೆ ಕಟ್ಟಿಸಿದರೆಂದೂ, ಮಣ್ಣು ಹೊತ್ತವರಿಗೆ ಅವರವರು ದುಡಿದಷ್ಟೇ ಕೂಲಿ ಸಲ್ಲುತ್ತಿತ್ತೆಂದೂ ಜನ ಹೇಳುತ್ತಾರೆ. ಹತ್ತು ಪುಟ್ಟಿ ಹೊತ್ತವನಿಗೆ ಹತ್ತರದು, ಎರಡು ಹೊತ್ತು ನೆರಳು ಹಿಡಿದವನಿಗೆ ಎರಡರದು. ಸಾಮಾನ್ಯವಾಗಿ ಈ ಮಾತನ್ನು ಸೋಮಾರಿಯ ಕಿವಿಗೆ ಹಾಕುತ್ತಾರೆ: ದುಡಿ, ದುಡಿದಷ್ಟು ಸಿಗುತ್ತದೆ ಎಂದು. ಆದರೆ ಮಾತಿರುವುದು ನೀಡುವವನನ್ನು ಕುರಿತು. ದುಡಿಮೆ ನಡೆದಿರುವಲ್ಲಿ ಕೈ ಬಿಗಿಹಿಡಿಯಬೇಡ, ನಡೆಯದಿರುವಲ್ಲಿ ಸುರಿಯಬೇಡ ಎಂದು ಅದು ಕೊಡುವ ಕೈಯನ್ನು ಎರಡೂ ಕಡೆಯಿಂದ ಕಟ್ಟುತ್ತದೆ. ಇಂದು ನಮ್ಮಲ್ಲಿ ಬಹಳ ಮಂದಿ ಕೂಲಿ ಕೊಡುವುದು ಕೆರೆಯ ಏರಿಯ ಮೇಲಲ್ಲ, ಅಂಗಡಿಯ ಕೌಂಟರಿನಲ್ಲಿ. ಕಾಣದ ಊರಿನ ಕಾಣದ ಕೆಲಸಗಾರನಿಗೆ ಸಲ್ಲುವ ಕೂಲಿಯೇ ಬೆಲೆ ಎಂದಾದರೆ, ತಿಪ್ಪೇರುದ್ರಸ್ವಾಮಿಗಳ ಮಾತು ಕೊಳ್ಳುವವನಿಗೂ ಅನ್ವಯಿಸಲೇಬೇಕು. ಹತ್ತು ಹನ್ನೆರಡು ಲಕ್ಷ ರೂಪಾಯಿಯ ಸ್ವಿಸ್ ಸ್ಪೋರ್ಟ್ಸ್ ವಾಚನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಅಳತೆಗೋಲು ನನಗೆ ಕಾಣುವುದಿಲ್ಲ.

ಬರದ ತಾಲ್ಲೂಕಿನಲ್ಲಿ ಈ ಪ್ರಶ್ನೆಯೇ ಏಕೆ ಎನ್ನಬಾರದು. ಚಳ್ಳಕೆರೆಗೆ ತೈಲನಗರಿ ಎಂಬ ಹೆಸರು ಬಂದದ್ದು ಶೇಂಗಾ ಎಣ್ಣೆಯ ಗಿರಣಿಗಳಿಂದ, ಅಲ್ಲಿ ಹಣ ಹುಟ್ಟಿದೆ. ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಯ ಪರೀಕ್ಷಾ ನೆಲೆಯಿದೆ. ಇಲ್ಲಿ ಓದಿ ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮಕ್ಕಳ ಸಂಬಳ ಇಲ್ಲಿನ ಮನೆಗಳಿಗೂ ಬರುತ್ತದೆ. ಜೊತೆಗೆ ಸ್ವಿಟ್ಜರ್‌ಲೆಂಡ್ ಸೇರಿದ ನಾಲ್ಕು ದೇಶಗಳೊಡನೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ವರ್ಷವರ್ಷವೂ ಇಳಿಯಲಿದೆ. ಇನ್ನಷ್ಟು ಮನೆಗಳಿಗೆ ಈ ಪ್ರಶ್ನೆ ಬರುತ್ತದೆ.

ಮೊದಲು ಗಡಿಯಾರದಲ್ಲಿ ‘ಮಾಡಿದ್ದು’ ಏನಿದೆ ಎಂದು ನೋಡಬೇಕು. ದುಬಾರಿ ಉಕ್ಕಿನ ಸ್ಪೋರ್ಟ್ಸ್ ವಾಚು ಎಂಬ ಜಾತಿಯೇ ಹುಟ್ಟಿದ್ದು 1972ರಲ್ಲಿ, ಓಡ್‌ಮಾರ್ ಪಿಗೆ ಕಂಪನಿ ‘ರಾಯಲ್ ಓಕ್’ ಹೊರತಂದಾಗ. ಜೆರಾಲ್ಡ್ ಜೆಂಟಾ ಬರೆದ ವಿನ್ಯಾಸ, ಎಂಟು ಮೂಲೆಯ ಅಂಚು, ಕಣ್ಣಿಗೆ ಕಾಣುವಂತೆ ಬಿಟ್ಟ ಸ್ಕ್ರೂಗಳು, ಬೆಲೆ 3,300 ಸ್ವಿಸ್ ಫ್ರಾಂಕ್. ಆ ಕಾಲದ ಅನೇಕ ಚಿನ್ನದ ಗಡಿಯಾರಗಳಿಗಿಂತ ಈ ಉಕ್ಕು ದುಬಾರಿಯಾಗಿತ್ತು. ಅದನ್ನು ಬರೀ ಹೆಸರಿನ ಆಟವೆಂದು ತಳ್ಳಿಹಾಕುವುದು ತಪ್ಪು. ಗಟ್ಟಿ ಉಕ್ಕನ್ನು ಅಷ್ಟು ನಯವಾಗಿ ಕೊರೆಯುವುದು ಚಿನ್ನವನ್ನು ಕೊರೆಯುವುದಕ್ಕಿಂತ ಕಷ್ಟವಾದ್ದರಿಂದ ಮೊದಲ ಮಾದರಿಗಳನ್ನು ಬಿಳಿ ಚಿನ್ನದಲ್ಲೇ ಮಾಡಿದ್ದರು. ಒಂದೇ ಪಟ್ಟಿಯ ಒಂದು ಮುಖಕ್ಕೆ ಗೆರೆಗೆರೆಯ ಉಜ್ಜು, ಪಕ್ಕದ ಅಂಚಿಗೆ ಕನ್ನಡಿಯ ಹೊಳಪು, ಎರಡೂ ಕೂಡುವಲ್ಲಿ ಕದಡದ ಗೆರೆ: ಇದು ಕೈಪಳಗಿದವರು ಹೊತ್ತುಗಟ್ಟಲೆ ಕೂತು ಮಾಡುವ ಕೆಲಸ. ಲೋಹಕ್ಕಲ್ಲ, ದುಡಿಮೆಗೆ ಬೆಲೆ ಎಂಬ ಮಟ್ಟಿಗೆ ರಾಯಲ್ ಓಕ್ ನಾಯಕನಹಟ್ಟಿಯ ಮಾತಿಗೆ ಹತ್ತಿರವಾಗಿಯೇ ಹುಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಸಮಯ ತೋರಿಸುವ ನಿಖರತೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರಮಾಣಪತ್ರ ಪಡೆದ ಸ್ವಿಸ್ ಯಾಂತ್ರಿಕ ಗಡಿಯಾರ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಬಹುದು. ಕೆಲವು ನೂರು ರೂಪಾಯಿಯ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ತಪ್ಪಬಹುದು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಮಾರಾಟಕ್ಕಿಟ್ಟ ಮೊದಲ ಕ್ವಾರ್ಟ್ಜ್ ಕೈಗಡಿಯಾರದ ಬೆಲೆ ನಾಲ್ಕೂವರೆ ಲಕ್ಷ ಯೆನ್, ಒಂದು ಚಿಕ್ಕ ಕಾರಿನ ಬೆಲೆ. ತಯಾರಿಕೆಯ ಶ್ರಮ ಕಡಿಮೆಯಾದಂತೆ ಆ ಬೆಲೆಯೂ ಇಳಿಯಿತು, ನ್ಯಾಯವಾಗಿಯೇ ಇಳಿಯಿತು. ಇನ್ನು ಮುಳುಗುಗಾರರು, ವಿಮಾನ ಚಾಲಕರು, ರೇಸು ಓಡಿಸುವವರ ಕೈಗೆಂದು ಮಾಡಿದ್ದು ಎಂಬ ಜಾಹೀರಾತಿನ ಮಾತು ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಈಗ ಆ ಕೆಲಸ ಬೇರೆ ಉಪಕರಣಗಳಿಗೆ ಹೋಗಿದೆ. ದೂರ ನೋಡಬೇಕಿಲ್ಲ: 2023 ಮತ್ತು 2024ರಲ್ಲಿ ಇಸ್ರೋದ ರೆಕ್ಕೆಯ ಮರುಬಳಕೆ ವಾಹನ ಇದೇ ಚಳ್ಳಕೆರೆ ಸೀಮೆಯ ಪರೀಕ್ಷಾ ರನ್‌ವೇಗೆ ಮೂರು ಸಲ ಚಾಲಕನಿಲ್ಲದೆ ತಾನಾಗಿಯೇ ಬಂದು ಇಳಿಯಿತು.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಚಿನ್ನದಂಗಡಿಯ ಬಿಲ್ಲಿನಲ್ಲಿ ಚಿನ್ನದ ತೂಕ ಬೇರೆ, ಮಜೂರಿ ಬೇರೆ, ವೇಸ್ಟೇಜು ಬೇರೆ ಬರೆದಿರುತ್ತದೆ. ಓದು ಬಾರದ ಅಜ್ಜಿಯೂ ‘ಮಜೂರಿ ಎಷ್ಟು ಹಾಕಿದ್ದೀಯ’ ಎಂದು ಕೇಳಿಯೇ ಕೊಳ್ಳುತ್ತಾಳೆ. ಹನ್ನೆರಡು ಲಕ್ಷದ ಗಡಿಯಾರದ ಬಿಲ್ಲಿನಲ್ಲಿ ಆ ವಿಂಗಡಣೆ ಇಲ್ಲ. ಆದರೂ ಅದನ್ನು ಹೊರಗಿನಿಂದ ಅಂದಾಜು ಮಾಡಲು ಮಾರುಕಟ್ಟೆಯೇ ಒಂದು ಸಾಕ್ಷ್ಯ ಒದಗಿಸಿದೆ. ಕೋವಿಡ್ ಕಾಲದಲ್ಲಿ ರೋಲೆಕ್ಸ್ ಡೇಟೋನಾ, ಪಟೇಕ್ ಫಿಲಿಪ್ ನಾಟಿಲಸ್, ರಾಯಲ್ ಓಕ್ ಇವುಗಳ ಮರುಮಾರಾಟದ ಬೆಲೆ ಅಂಗಡಿಯ ಬೆಲೆಯ ಹಲವು ಪಟ್ಟಾಯಿತು. ಅಂಗಡಿಯಲ್ಲಿ ಕೇಳಿದರೆ ಕಾಯುವ ಪಟ್ಟಿ, ಹೊರಗೆ ಕೇಳಿದರೆ ದುಪ್ಪಟ್ಟು. 2022ರ ವಸಂತದ ನಂತರ ಆ ಬೆಲೆ ಇಳಿಯತೊಡಗಿ ಬಹುಕಾಲ ಇಳಿಯುತ್ತಲೇ ಹೋಯಿತು. ಗಡಿಯಾರ ಅದೇ, ಒಳಗಿನ ಚಕ್ರಗಳು ಅವೇ, ಉಜ್ಜಿದ ಕೈಗಳು ಅವೇ. ಏರಿದಾಗ ಕೆಲಸಗಾರನಿಗೆ ಹೆಚ್ಚು ಸೇರಲಿಲ್ಲ, ಇಳಿದಾಗ ಅವನ ಕೆಲಸ ಕಡಿಮೆಯಾಗಲಿಲ್ಲ. ಅಂದಮೇಲೆ ಏರಿಳಿದ ಆ ಭಾಗ ದುಡಿಮೆಯದಾಗಿರಲು ಸಾಧ್ಯವೇ ಇಲ್ಲ. ಅದು ಕೊರತೆಗೆ, ಹೆಸರಿಗೆ, ಬೇರೆಯವರ ಬಳಿ ಇಲ್ಲದಿರುವಿಕೆಗೆ ಕೊಟ್ಟ ಹಣ. 2017ರ ಅಕ್ಟೋಬರಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟಿದ್ದ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅದರಲ್ಲಿ ಗಡಿಯಾರ ಮಾಡಿದವನ ಪಾಲು ಎಷ್ಟಿರಬಹುದೆಂದು ಯೋಚಿಸಿದರೆ ಸಾಕು.

ಇದೇ ಅಳತೆಗೋಲನ್ನು ಮೊಳಕಾಲ್ಮೂರಿಗೆ ಒಯ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕೈಮಗ್ಗದಲ್ಲಿ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರುವಂತೆ ನೇಯಬೇಕಾದರೆ ಒಂದೇ ಲಾಳಿ ಸಾಲದು; ಅಂಚಿನ ಲಾಳಿ ಬೇರೆ ಓಡಬೇಕು, ಎರಡರ ಎಳೆಗಳೂ ಸಾಲುಸಾಲಿಗೆ ಒಂದನ್ನೊಂದು ಹಿಡಿದುಕೊಳ್ಳಬೇಕು. ದಿನಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದರೆ ಒಂದು ಸೀರೆ. ಅದರ ಬೆಲೆಯಲ್ಲಿ ರೇಷ್ಮೆ, ಜರಿ ಮತ್ತು ಮಾರುವವರ ಪಾಲು ಕಳೆದರೆ ನೇಯ್ದವರಿಗೆ ಉಳಿಯುವ ಮಜೂರಿ ದುಡಿಮೆಗೆ ಸಮನಾಗಿ ನಿಂತ ಕಾಲ ಅಪರೂಪ. ಮಜೂರಿ ಸಾಲದ ಮಗ್ಗಕ್ಕೆ ಮಕ್ಕಳು ಕೂರುವುದಿಲ್ಲ ಎಂಬ ಕೊರಗು ಕೈಮಗ್ಗದ ಊರುಗಳಲ್ಲೆಲ್ಲ ಒಂದೇ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕೇಂದ್ರ ಕಾಯ್ದೆ ಇದ್ದರೂ ವಿದ್ಯುತ್ ಮಗ್ಗದ ನಕಲು ಬೆಲೆಯನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಗಡಿಯಾರದಲ್ಲಿ ಮಾಡಿದ್ದಕ್ಕಿಂತ ನೀಡಿದ್ದು ಹೆಚ್ಚು, ಸೀರೆಯಲ್ಲಿ ನೀಡಿದ್ದಕ್ಕಿಂತ ಮಾಡಿದ್ದು ಹೆಚ್ಚು. ಕಾಯುವ ಪಟ್ಟಿಗೆ ತಲೆಬಾಗಿ ಹೆಸರು ಬರೆಸುವ ಮನುಷ್ಯನೇ ಸೀರೆಯಂಗಡಿಯಲ್ಲಿ ಐನೂರು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡಿದರೆ, ತಿಪ್ಪೇರುದ್ರಸ್ವಾಮಿಗಳ ಮಾತನ್ನು ಅವನು ಎರಡು ಕಡೆಯೂ ಮುರಿದಂತೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ತಪ್ಪು, ಏಕೆಂದರೆ ಅಲ್ಲಿ ಕಡಿಮೆಯಾದದ್ದು ಒಬ್ಬರ ಊಟದಿಂದ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಬಲವಾದದ್ದು. ಬೆಲೆಯೆಂದರೆ ದುಡಿಮೆಯಷ್ಟೇ ಎಂದರೆ ಬದುಕು ಒಣಗಿಹೋಗುತ್ತದೆ. ಮನುಷ್ಯ ಗೌರವಕ್ಕೆ, ಸೊಗಸಿಗೆ, ಸಂತೋಷಕ್ಕೂ ಕೊಡುತ್ತಾನೆ. ನಿಜ. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ. ಬರ ಬಂದು ತಮ್ಮ ಮನೆಯಲ್ಲೇ ಕಷ್ಟವಿದ್ದಾಗಲೂ ಜನ ಅವುಗಳ ಮೇವಿಗೆ ಪರದಾಡುತ್ತಾರೆ, ಕಿಲಾರಿಗಳು ಅವುಗಳ ಹಿಂದೆ ಬದುಕು ಕಳೆಯುತ್ತಾರೆ. ಉಪಯೋಗವಿಲ್ಲದ್ದಕ್ಕೆ ಬೆಲೆಯಿಲ್ಲ ಎನ್ನುವ ನಾಡು ಇದಲ್ಲ. ಇನ್ನೂ ಹತ್ತಿರದ ಉದಾಹರಣೆ ‘ಮಾಡಿದಷ್ಟು’ ಎಂದ ಸ್ವಾಮಿಗಳ ರಥೋತ್ಸವದಲ್ಲೇ ಇದೆ. ತೇರಿನ ಮುಕ್ತಿ ಬಾವುಟವನ್ನು ಅಲ್ಲಿ ಬಹಿರಂಗವಾಗಿ ಹರಾಜು ಹಾಕುತ್ತಾರೆ, ಅದು ಹತ್ತಾರು ಲಕ್ಷ ರೂಪಾಯಿಗೆ ಹೋಗುತ್ತದೆ. ಬಟ್ಟೆಗೂ ಹೊಲಿಗೆಗೂ ಆ ಹಣಕ್ಕೂ ಏನು ಸಂಬಂಧ?

ಸಂಬಂಧವಿಲ್ಲ, ಇದೆಯೆಂದು ಯಾರೂ ಹೇಳುವುದೂ ಇಲ್ಲ. ಬಾವುಟ ಹಿಡಿದವನು ತಾನು ಭಕ್ತಿಗೂ ಗೌರವಕ್ಕೂ ಕೊಟ್ಟೆನೆಂದು ಸಾವಿರಾರು ಜನರೆದುರು ಕೂಗಿ ಹೇಳಿರುತ್ತಾನೆ, ಹಣ ದೇವಸ್ಥಾನಕ್ಕೆ ಸೇರುತ್ತದೆ. ದೇವರ ಎತ್ತಿನ ಮೇವಿಗೆ ಕೊಟ್ಟವನೂ ಅದನ್ನು ಬೇಸಾಯದ ಖರ್ಚೆಂದು ಬರೆದುಕೊಳ್ಳುವುದಿಲ್ಲ. ಗೌರವವನ್ನು ಗೌರವವೆಂದೇ ಹೆಸರಿಟ್ಟು ಕೊಂಡರೆ ತಕರಾರಿಲ್ಲ. ಗಡಿಯಾರದಲ್ಲಿ ತೊಡಕು ಬರುವುದು ಗೌರವದ ಹಣವನ್ನು ಕುಶಲತೆಯ ಹೆಸರಿನಲ್ಲಿ, ನಿಖರತೆಯ ಹೆಸರಿನಲ್ಲಿ, ಹೂಡಿಕೆಯ ಹೆಸರಿನಲ್ಲಿ ಕೊಡುವಾಗ. ಅದರಲ್ಲೂ ಹೂಡಿಕೆಯ ವಾದ ಅಪಾಯದ್ದು. ‘ಕೈಮೇಲಿದ್ದೂ ಬೆಳೆಯುವ ಹಣ’ ಎಂದು ನಂಬಿ 2022ರ ಆರಂಭದಲ್ಲಿ ಮರುಮಾರಾಟದ ಬೆಲೆಗೆ ಕೊಂಡವರಿಗೆ ಆಮೇಲಿನ ಇಳಿತವೇ ಉತ್ತರ ಹೇಳಿತು. ಉಕ್ಕಿನ ಗಡಿಯಾರ ಬಡ್ಡಿ ತರುವುದಿಲ್ಲ, ಬಾಡಿಗೆ ತರುವುದಿಲ್ಲ. ಮುಂದೊಬ್ಬ ಹೆಚ್ಚು ಕೊಡುವವನು ಸಿಕ್ಕರಷ್ಟೇ ಲಾಭ.

ನನ್ನ ದುಡಿಮೆ, ನನ್ನ ಹಣ, ಕೇಳಲು ನೀವು ಯಾರು ಎಂಬ ಇನ್ನೊಂದು ಆಕ್ಷೇಪಕ್ಕೆ ನಾಯಕನಹಟ್ಟಿಯ ಮಾತೇ ಅರ್ಧ ಒಪ್ಪಿಗೆ ಕೊಡುತ್ತದೆ. ದುಡಿದಷ್ಟು ನಿನ್ನದು. ಆದರೆ ಕೆರೆಯ ಏರಿಯ ಮೇಲೆ ಕೂಲಿ ಸಿಗುತ್ತಿದ್ದದ್ದು ಮಣ್ಣು ಹೊತ್ತ ಮೇಲೆ. ಮಾಸಿಕ ಕಂತಿನ ಸಾಲ ಆ ಕ್ರಮವನ್ನೇ ತಿರುಗಿಸುತ್ತದೆ: ನಾಳೆ ಹೊರಬೇಕಾದ ಮಣ್ಣಿನ ಕೂಲಿಯನ್ನು ಇಂದೇ ಕೈಗೆ ಕಟ್ಟಿಕೊಂಡಂತೆ. ಶೇಂಗಾ, ಈರುಳ್ಳಿ, ದಾಳಿಂಬೆ ನಂಬಿದ ಈ ತಾಲ್ಲೂಕುಗಳಲ್ಲಿ ಒಂದು ವರ್ಷ ಬಂದ ಹಣ ಮುಂದಿನ ಎರಡು ವರ್ಷದ ಬರಕ್ಕೆ ಬುತ್ತಿಯಾಗಬೇಕು. ಅಂಥ ಹಣದಿಂದಾಗಲಿ ಸಾಲದಿಂದಾಗಲಿ ಹತ್ತು ಲಕ್ಷದ ಗಡಿಯಾರ ಕೊಳ್ಳುವುದನ್ನು ನಾನು ಯಾವ ನೆಪದಲ್ಲೂ ಸಮರ್ಥಿಸಲಾರೆ. ಸರ್ಕಾರಕ್ಕೂ ‘ಮಾಡಿದ್ದೆಷ್ಟು’ ಎಂಬ ಪ್ರಶ್ನೆ ಹೊಳೆದಿದೆ: 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಮಾರುವವರು ಕೊಳ್ಳುವವರಿಂದ ಶೇಕಡಾ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ವಜಾ ಆಗುತ್ತದೆ, ಆದರೆ ಕೊಂಡವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

ದುಡಿಮೆಯೇ ಇಲ್ಲದೆ ಕೈಗೆ ಬರುವ ಗಡಿಯಾರದ ಪ್ರಶ್ನೆಯನ್ನು ಕರ್ನಾಟಕ ಒಮ್ಮೆ ಬಹಿರಂಗವಾಗಿಯೇ ಎದುರಿಸಿದೆ. 2016ರ ಆರಂಭದಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ಗಡಿಯಾರದ ಮಾತು ಎದ್ದಾಗ, ಅದು ವಿದೇಶದಲ್ಲಿರುವ ವೈದ್ಯ ಸ್ನೇಹಿತರ ಉಡುಗೊರೆ ಎಂದು ಅವರು ಹೇಳಿದರು. ಮಾರ್ಚ್ ತಿಂಗಳಲ್ಲಿ ಅದನ್ನು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಆಸ್ತಿಯಾಗಿಸಿದರು. ಒಪ್ಪಿಸಿದ್ದು ಸರಿಯಾದ ಕೆಲಸ. ಅಧಿಕಾರದಲ್ಲಿರುವವರಿಗೆ ಸ್ನೇಹದ ಉಡುಗೊರೆಯೂ ಯಾವ ಕೆಲಸಕ್ಕೆ ಸಂದ ಕೂಲಿ ಎಂದು ಜನ ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾಗಿ, ಮುಂದೆ ತುಮಕೂರಿಗೂ ಹಬ್ಬಿದ ಆ ಕಾರ್ಖಾನೆಗಳ ‘ಜನತಾ’, ‘ಪೈಲಟ್’ ಗಡಿಯಾರಗಳು ಮಾಡಿದಷ್ಟೇ ಬೆಲೆಗೆ ಸಿಗುತ್ತಿದ್ದ ಯಾಂತ್ರಿಕ ಗಡಿಯಾರಗಳು. ವಿಧಾನಸೌಧದ ಗಡಿಯಾರದ ಸುದ್ದಿಗೆ ಸಿಕ್ಕ ಕಾಲುಭಾಗ ಗಮನವೂ ನಮ್ಮ ನಾಡಿನ ಆ ಕೆಲಸಗಾರರಿಗೆ ಸಿಗಲಿಲ್ಲ ಎಂಬುದು ಈಗಲೂ ನೋಯಿಸುತ್ತದೆ.

ಸಾಲವಿಲ್ಲದ, ಬರಕ್ಕೆ ಬುತ್ತಿ ಕಟ್ಟಿಟ್ಟ, ತನ್ನಲ್ಲಿ ದುಡಿಯುವವರ ಕೂಲಿ ಬಾಕಿ ಇಲ್ಲದ ವ್ಯಕ್ತಿ, ಈ ಬೆಲೆಯಲ್ಲಿ ದೊಡ್ಡ ಪಾಲು ಹೆಸರಿಗೆ ಎಂದು ತಿಳಿದೂ ಅಂಗಡಿಯ ಬೆಲೆಗೆ ರಾಯಲ್ ಓಕ್ ಕೊಂಡರೆ ಅವನನ್ನು ತಪ್ಪೆನ್ನಲು ನನಗೆ ಕಾರಣವಿಲ್ಲ. ಮರುಮಾರಾಟದವನಿಗೆ ಮೇಲೆ ಸುರಿಯುವ ಲಕ್ಷಗಳನ್ನು ಮಾತ್ರ ಅವನೂ ಬಿಡಬೇಕು. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು, ನೀರು ತಡೆಯುವ ರಬ್ಬರು ಬದಲಿಸಬೇಕು, ಅದಕ್ಕೆ ಬೆಂಗಳೂರಿಗೋ ಅದರಾಚೆಗೋ ಕಳಿಸಬೇಕು ಎಂಬ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಲಿ. ಅಷ್ಟು ಅನುಕೂಲವಿಲ್ಲದೆ ಯಂತ್ರದ ಸೊಗಸಿಗೆ ಮನಸೋತವರಿಗೆ, ಹತ್ತಾರು ಸಾವಿರ ರೂಪಾಯಿಗೆ ಸಿಗುವ ಸೀಕೋ, ಸಿಟಿಜನ್ ಕಂಪನಿಗಳ ಉಕ್ಕಿನ ಸ್ವಯಂಚಾಲಿತ ಗಡಿಯಾರಗಳಲ್ಲಿ ಕೊಟ್ಟ ಹಣದ ಹೆಚ್ಚಿನ ಪಾಲು ಚಕ್ರಕ್ಕೂ ಕೈಕೆಲಸಕ್ಕೂ ಸಲ್ಲುತ್ತದೆ. ಇವತ್ತಿಗೂ ಸಿಗುವ ಹಳೆಯ ಎಚ್‌ಎಂಟಿಯನ್ನು ಬಿಚ್ಚಿ ಕೂಡಿಸಬಲ್ಲ ರಿಪೇರಿಯವರು ಸಣ್ಣ ಪೇಟೆಗಳಲ್ಲೂ ಇದ್ದಾರೆ, ಅವರಿಗೆ ಕೆಲಸ ಬೇಕಾಗಿದೆ.