ಡಬ್ಬಿಯಲ್ಲಿರುವ ಗುಳಿಗೆ, ಅರ್ಜಿಯಲ್ಲಿಲ್ಲದ ಕಾಯಿಲೆ

ಬಳ್ಳಾರಿಯ ಪಾರ್ವತಿನಗರದ ನಮ್ಮ ಬೀದಿಯಲ್ಲಿ ಮನೆಗೊಂದು ವಯಸ್ಸಾದ ಜೋಡಿ. ಮಕ್ಕಳು ಬೆಂಗಳೂರು, ಹೈದರಾಬಾದ್. ಹತ್ತಿರವೆಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಆರೋಗ್ಯ ವಿಮೆಯ ಮಾತು ಇವರ ನಡುವೆ ಫೋನಿನಲ್ಲೇ ಬರುತ್ತದೆ, ಅದೂ ನೆಂಟರಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿಸಿದ ವಾರ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವ ಎಂಬ ಒಂದೇ ಅರ್ಹತೆಯ ಮೇಲೆ ಅಕ್ಕಪಕ್ಕದವರು ನನ್ನ ಹತ್ತಿರ ಅರ್ಜಿ ತರುತ್ತಾರೆ.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು, ಕೊನೆಗೆ ಇಲ್ಲಿ ಮನೆ ಕಟ್ಟಿಕೊಂಡ ಹಿರಿಯರೊಬ್ಬರ ಅರ್ಜಿ ತುಂಬುತ್ತಿದ್ದೆವು. ಮಗ ಫೋನಿನಲ್ಲಿದ್ದ, ಏಜೆಂಟ್ ಎದುರಿಗೆ ಕೂತಿದ್ದ.

‘ಶುಗರ್ ಐತೇನ್ರಿ?’ ಅಂದೆ.

‘ಇಲ್ಲ. ಐತಿ, ಸ್ವಲ್ಪ.’

‘ಸ್ವಲ್ಪ ಅಂದ್ರ ಹನ್ನೆರಡು ವರ್ಷದ್ದು ರೀ,’ ಎಂದು ಅವರ ಹೆಂಡತಿ ಒಳಗಿನಿಂದ ಗುಳಿಗೆ ಡಬ್ಬಿಯನ್ನೇ ತಂದಿಟ್ಟರು. ಅದರಲ್ಲಿ ಬಿಪಿಯದೂ ಇತ್ತು. ಫೋನಿನ ಆ ಕಡೆ ಮಗನ ಮಾತು ನಿಂತುಹೋಯಿತು. ‘ನನಗ್ಯಾಕೆ ಹೇಳಲಿಲ್ಲಪ್ಪ?’ ಅಂದ, ತಡವಾಗಿ. ‘ನೀ ಅಲ್ಲಿ ಕುಂತು ಏನ್ ಮಾಡ್ತಿದ್ದಿ?’ ಅಂದರು ತಂದೆ. ಏಜೆಂಟ್ ಇಬ್ಬರನ್ನೂ ಸಮಾಧಾನ ಮಾಡಿದ: ‘ಅವೆಲ್ಲ ಬರೀಬ್ಯಾಡ್ರಿ ಸಾರ್, ಪ್ರೀಮಿಯಂ ಏರ್ತತಿ. ಎಲ್ಲಾ ಕಡೆ ನೋ ಹಾಕ್ರಿ.’

ಆವತ್ತಿನಿಂದ ಈ ವಿಷಯವನ್ನು ನಾನು ನೋಡುವ ರೀತಿಯೇ ಬೇರೆಯಾಯಿತು. ನಮ್ಮ ಹಿರಿಯರು ಕಾಯಿಲೆ ಮುಚ್ಚಿಡುವುದು ಮಕ್ಕಳಿಗೆ ಚಿಂತೆ ಹಚ್ಚಬಾರದೆಂದು. ಮನೆಯಲ್ಲಿ ಅದಕ್ಕೆ ಮರ್ಯಾದೆ ಇದೆ. ಅದೇ ಮೌನ ಅರ್ಜಿಯ ಮೇಲೆ ‘ಇಲ್ಲ’ ಎಂದು ಕೂತಾಗ ವಿಮಾ ಕಂಪನಿಯ ಕಣ್ಣಿಗೆ ವಂಚನೆಯಾಗಿ ಕಾಣುತ್ತದೆ. ಪ್ರೀತಿಯಿಂದ ಹೇಳಿದ ಸುಳ್ಳಿಗೂ ದುಡ್ಡಿಗಾಗಿ ಹೇಳಿದ ಸುಳ್ಳಿಗೂ ಕ್ಲೇಮ್ ಇಲಾಖೆಯಲ್ಲಿ ಒಂದೇ ಉತ್ತರ.

ನಿಜ ಬರೆದರೆ ಆಗುವ ನಷ್ಟ ಜನ ಹೆದರುವಷ್ಟಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿನಿಂದ 36ಕ್ಕೆ ಇಳಿಸಿತು. ಸತತ 60 ತಿಂಗಳು ಪಾಲಿಸಿ ನಡೆಸಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ಹಳೆಯ ಮಾಹಿತಿ ಮುಚ್ಚಿಟ್ಟರೆಂದು ತಳ್ಳಿಹಾಕುವಂತಿಲ್ಲ. 2025ರ ಜನವರಿಯಿಂದ, ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರವನ್ನು ಕೇಳಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿಯೂ ಹೋಯಿತು.

ನಮ್ಮಂಥ ಊರಿನವರು ಮೋಸಹೋಗುವುದು ಇನ್ನೊಂದು ಕಡೆ. ಬಳ್ಳಾರಿ ವಿಳಾಸ ಕೊಟ್ಟರೆ ಕೆಲವು ಪಾಲಿಸಿಗಳಲ್ಲಿ ಪ್ರೀಮಿಯಂ ಕಡಿಮೆ. ಆದರೆ ಹೃದಯದ ಆಪರೇಷನ್ನಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ಬಿಲ್ಲಿನ ಒಂದು ಪಾಲು ನಮ್ಮ ಕೈಯಿಂದಲೇ. ಕೊಠಡಿ ಬಾಡಿಗೆಗೆ ಮಿತಿ ಇರುವ ಪಾಲಿಸಿ ಇಟ್ಟುಕೊಂಡು ಅದರ ಎರಡರಷ್ಟು ಬಾಡಿಗೆಯ ಕೋಣೆ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚಿನಲ್ಲೂ ಅರ್ಧಕ್ಕೆ ಕತ್ತರಿ ಬೀಳಬಹುದು. ಇದನ್ನು ಏಜೆಂಟರು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ.

ಸರ್ಕಾರದ ದಾರಿಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಪಡೆದೇ ಖಾಸಗಿಗೆ ಹೋಗಬೇಕು. ಆದಾಯ ಎಷ್ಟೇ ಇರಲಿ, 70 ದಾಟಿದವರಿಗೆ 5 ಲಕ್ಷದ ವಯ ವಂದನ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ನಾವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಬಾಯಿಬಿಟ್ಟು ಕೇಳದೆ, ಕೈಯಲ್ಲಿರುವ ಪಾಲಿಸಿಯನ್ನು ಬಿಡಬೇಡಿ.

ಇಷ್ಟೆಲ್ಲ ಬಿಡಿಸಿ ಹೇಳುವವರು ಯಾರು? ಏಜೆಂಟನಿಗೆ ಕಮಿಷನ್ ಇದೆ, ಮಗನಿಗೆ ಪುರುಸೊತ್ತಿಲ್ಲ, ಸರ್ಕಾರಿ ಯೋಜನೆಯ ದಾರಿ ತೋರಿಸುವ ಆಸ್ಪತ್ರೆಯ ಆರೋಗ್ಯಮಿತ್ರರು ಸಿಗುವುದು ಕಾಯಿಲೆ ಬಿದ್ದ ಮೇಲೆ. ಅಮೆರಿಕದಲ್ಲಿ 1990ರ ಕಾನೂನಿನಿಂದ ಹುಟ್ಟಿದ ಒಂದು ವ್ಯವಸ್ಥೆಯಿದೆ: ಹಿರಿಯರ ಪಕ್ಕ ಕೂತು ಅವರ ವಿಮೆಯನ್ನು ಬಿಡಿಸಿ ಹೇಳುವ ಸಲಹೆಗಾರರು, ಹಲವರು ಸ್ವಯಂಸೇವಕರು. ಅವರು ಏನನ್ನೂ ಮಾರುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಅಲ್ಲಿಯ ವಿಮೆಯ ಗೋಜಲು ನಮಗೆ ಬೇಡ. ಏನನ್ನೂ ಮಾರದ ಒಬ್ಬ ಮನುಷ್ಯ ಪಕ್ಕದಲ್ಲಿ ಕೂರುವುದು ಮಾತ್ರ ಬೇಕು. ಬಳ್ಳಾರಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ನರ್ಸ್‌ಗಳು ಕಡಿಮೆಯೇ? ಭಾನುವಾರ ಬೆಳಗ್ಗೆ ಒಂದು ಗುಡಿಯ ಕಟ್ಟೆ ಸಾಕು.

ಅಂಥವರು ಮೊದಲು ಕೇಳಬೇಕಾದದ್ದು ಗುಳಿಗೆ ಡಬ್ಬಿಯನ್ನು, ಪಾಲಿಸಿಯನ್ನು ಆಮೇಲೆ. ಆ ಹಿರಿಯರ ಅರ್ಜಿಯಲ್ಲಿ ಎಲ್ಲವನ್ನೂ ಬರೆದೆವು. ಪ್ರೀಮಿಯಂ ಏರಿತು, ಏಜೆಂಟ್ ಮುನಿಸಿಕೊಂಡ. ಮಗ ಈಗ ವಾರಕ್ಕೊಮ್ಮೆ ಶುಗರ್ ಎಷ್ಟೆಂದು ಕೇಳುತ್ತಾನಂತೆ. ಅವರಿಗೆ ಅದು ಕಿರಿಕಿರಿ.

ಈಗಾಗಲೇ ಪಾಲಿಸಿ ಮಾಡಿಸಿದವರಿಗೆ ಒಂದು ಮಾತು. ಹೊಸ ಪಾಲಿಸಿಯ ಪತ್ರ ಕೈಸೇರಿದ ಮೇಲೆ 30 ದಿನ ಸಮಯವಿದೆ. ಒಪ್ಪಿಗೆಯಾಗದಿದ್ದರೆ ಅಷ್ಟರೊಳಗೆ ಹಿಂತಿರುಗಿಸಬಹುದು. ಅದರ ಜೊತೆ ಬರುವ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ ಪಡೆಯಿರಿ, ಅಪ್ಪ ಅಮ್ಮನ ಎದುರಿಗೆ ಕೂತು ಗಟ್ಟಿಯಾಗಿ ಓದಿ.